ಹೊಗೆಸೊಪ್ಪು, ಚರ್ಮ ಮತ್ತು ಕ್ಯಾನ್ಸರ್: ಹುಣಸೂರು ಸೀಮೆಯ ಒಂದು ಚರಿತ್ರೆ

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆ ಬೆಳಗಿನ ಹೊತ್ತು ಹೋದರೆ ಹೊಲಗಳಲ್ಲಿ ಹೊಗೆಸೊಪ್ಪು ಮುರಿಯುವವರು ಕಾಣುತ್ತಾರೆ. ಗಿಡದ ಬುಡದಿಂದ ಮೇಲಕ್ಕೆ, ಒಂದು ಸಲಕ್ಕೆ ಎರಡು ಮೂರು ಎಲೆಗಳಂತೆ, ಹಣ್ಣಾದವನ್ನಷ್ಟೇ ಮುರಿದು ಕಂಕುಳಲ್ಲಿ ಅವುಚಿಕೊಳ್ಳುತ್ತಾ ಸಾಲಿನಿಂದ ಸಾಲಿಗೆ ಸಾಗುತ್ತಾರೆ. ಮುಂಗಾರಿನ ಕಾಲವಾದ್ದರಿಂದ ಎಲೆಯ ಮೇಲೆ ನೀರಿನ ಹನಿ ಇದ್ದೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅಂಗೈ ಕಪ್ಪಾಗಿ ಅಂಟಂಟಾಗುತ್ತದೆ. ಹೊಸಬರಾದರೆ ಸಂಜೆಯ ಹೊತ್ತಿಗೆ ತಲೆಸುತ್ತು, ಓಕರಿಕೆ ಶುರುವಾಗಲೂಬಹುದು.

ಈ ಸೀಮೆಯ ಶಾಲೆಯಲ್ಲಿ ಚರ್ಮದ ಕ್ಯಾನ್ಸರ್ ಬಗ್ಗೆ ಪಾಠ ಮಾಡುವ ಅಧ್ಯಾಪಕರಿಗೆ ಎರಡು ಪ್ರಶ್ನೆಗಳು ಎದುರಾಗುವುದು ಸಹಜ. ದಿನವಿಡೀ ಬಿಸಿಲಿನಲ್ಲಿ ದುಡಿಯುವ ನಮ್ಮವರಲ್ಲಿ ಆಸ್ಟ್ರೇಲಿಯದವರಂತೆ ಮೆಲನೋಮ ಏಕೆ ಹೆಚ್ಚಾಗಿಲ್ಲ? ಕೈಗೆ ಮೆತ್ತಿಕೊಳ್ಳುವ ಈ ಕಪ್ಪು ಅಂಟಿನಿಂದ ಚರ್ಮಕ್ಕೆ ಕ್ಯಾನ್ಸರ್ ಬರುತ್ತದೆಯೇ?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಮೆಲನೋಮ ಹುಟ್ಟುವುದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ. ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1806ರಲ್ಲಿ ಈ ಕಪ್ಪು ಗಂತಿಗಳನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ಬರೆದ. ಆ ಕೋಶಗಳು ತಯಾರಿಸುವ ಮೆಲನಿನ್ ಎಂಬ ವರ್ಣದ್ರವ್ಯವೇ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಕೋಶಗಳ ಡಿ.ಎನ್.ಎ.ಯನ್ನು ಕಾಯುತ್ತದೆ. ಕಪ್ಪು ಮೈಬಣ್ಣದವರಲ್ಲಿ ಈ ರಕ್ಷಣೆ ಹೆಚ್ಚು. ಹಾಗಾಗಿ ಮೆಲನೋಮ ನಮ್ಮಲ್ಲಿ ವಿರಳ. ವಿರಳವೆಂದರೆ ಇಲ್ಲವೇ ಇಲ್ಲ ಎಂದಲ್ಲ. ನಮ್ಮಲ್ಲಿ ಅದು ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಮುಳ್ಳು ಚುಚ್ಚಿದ ಗಾಯವೆಂದೋ ಆಣಿಯೆಂದೋ ಅಲಕ್ಷ್ಯ ಮಾಡುವ ಜಾಗ ಅದು. ಅಂಗಾಲಿನಲ್ಲಿ ಬೆಳೆಯುತ್ತಿರುವ ಕಪ್ಪು ಮಚ್ಚೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ, ವಾಸಿಯಾಗದ ಕಪ್ಪು ಹುಣ್ಣು ಇದ್ದರೆ ವೈದ್ಯರಿಗೆ ತೋರಿಸಲೇಬೇಕು.

ಎರಡನೆಯ ಪ್ರಶ್ನೆ ಮಾತ್ರ ನಮ್ಮನ್ನು ಬಹಳ ದೂರ ಕರೆದೊಯ್ಯುತ್ತದೆ. ಎಲೆಯ ಅಂಟು ಚರ್ಮದ ಕ್ಯಾನ್ಸರ್ ತರುತ್ತದೆಂಬುದಕ್ಕೆ ಆಧಾರವಿಲ್ಲ. ಆದರೆ ಹೊಗೆಸೊಪ್ಪಿನ ಹೊಗೆ ಕ್ಯಾನ್ಸರ್‌ಕಾರಕ ಎಂಬುದನ್ನು ಪ್ರಯೋಗಶಾಲೆಯಲ್ಲಿ ಮೊದಲು ತೋರಿಸಿಕೊಟ್ಟದ್ದು ಚರ್ಮವೇ.

ವಿಜಾಪುರದಿಂದ ಆಗ್ರಾಕ್ಕೆ

ಅಮೆರಿಕ ಮೂಲದ ಈ ಗಿಡವನ್ನು ಪೋರ್ಚುಗೀಸರು ಭಾರತದ ಪಶ್ಚಿಮ ಕರಾವಳಿಗೆ ತಂದರು. ಹೊಗೆಸೊಪ್ಪು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನಮ್ಮ ದೇಶದಲ್ಲಿ ಸಿಗುವ ಹಳೆಯ ದಾಖಲೆಗಳಲ್ಲಿ ಒಂದು ಕನ್ನಡ ನಾಡಿಗೇ ಸಂಬಂಧಿಸಿದ್ದು. ಅಕ್ಬರನ ರಾಯಭಾರಿಯಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ 1604ರ ಸುಮಾರಿಗೆ ಅಲ್ಲಿ ಹೊಗೆಸೊಪ್ಪನ್ನು ಕಂಡು, ಚೆಂದದ ಕೊಳವೆಯೊಂದಿಗೆ ಅದನ್ನು ಬಾದಶಹನಿಗೆ ಉಡುಗೊರೆಯಾಗಿ ಒಯ್ದ. ಅಕ್ಬರ್ ಸೇದಿ ನೋಡಲು ಮುಂದಾದಾಗ ಆಸ್ಥಾನದ ವೈದ್ಯರು ತಡೆದರು. ನಮ್ಮ ಗ್ರಂಥಗಳಲ್ಲಿ ಇದರ ಗುಣದೋಷಗಳ ಉಲ್ಲೇಖವಿಲ್ಲ, ಪರೀಕ್ಷಿಸದ ವಸ್ತು ಎಂಬುದು ಅವರ ವಾದ. ಯೂರೋಪಿನವರು ವಿಚಾರ ಮಾಡದೆ ಬಳಸುತ್ತಾರೆಯೇ ಎಂದು ಅಸದ್ ಬೇಗ್ ವಾದಿಸಿದ. ಗೆದ್ದದ್ದು ಅವನೇ. 1617ರಲ್ಲಿ ಜಹಾಂಗೀರ್ ಧೂಮಪಾನವನ್ನು ನಿಷೇಧಿಸಿದರೂ ಅದು ನಡೆಯಲಿಲ್ಲ. ಪರೀಕ್ಷೆಯಾಗದ ವಸ್ತುವನ್ನು ಬಳಸಬಾರದೆಂದ ಆ ವೈದ್ಯರ ಮಾತು ಸರಿಯೆಂದು ಸಿದ್ಧವಾಗಲು ಮುನ್ನೂರ ಐವತ್ತು ವರ್ಷ ಬೇಕಾಯಿತು.

ಚರ್ಮ ಹೇಳಿದ ಸಾಕ್ಷ್ಯ

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ವಿಷಯ ಗಮನಿಸಿದ. ಎಳೆಯ ವಯಸ್ಸಿನಿಂದ ಹೊಗೆಗೂಡು ಗುಡಿಸುತ್ತಿದ್ದವರಿಗೆ ವೃಷಣದ ಚೀಲದ ಚರ್ಮದಲ್ಲಿ ಕ್ಯಾನ್ಸರ್ ಬರುತ್ತಿತ್ತು. ಮಸಿಯೇ ಕಾರಣವೆಂದು ಆತ ಊಹಿಸಿದ. ಉದ್ಯೋಗವೊಂದಕ್ಕೂ ಕ್ಯಾನ್ಸರಿಗೂ ಸಂಬಂಧ ಕಲ್ಪಿಸಿದ ಮೊದಲ ಸ್ಪಷ್ಟ ವರದಿ ಅದು. 1915ರಲ್ಲಿ ಜಪಾನಿನ ಯಾಮಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರು ಸವರಿ ಕ್ಯಾನ್ಸರ್ ಬರಿಸಿದರು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಟಾರಿನಿಂದ ಬೆಂಜೊಪೈರೀನ್ ಎಂಬ ಕ್ಯಾನ್ಸರ್‌ಕಾರಕವನ್ನು ಬೇರ್ಪಡಿಸಿದರು. ಸಾವಯವ ವಸ್ತು ಅರೆಬರೆ ಉರಿದಾಗ ಹುಟ್ಟುವ ವಸ್ತು ಅದು. ಸೌದೆಯಾದರೂ ಸರಿ, ಬೀಡಿಯಾದರೂ ಸರಿ.

1930ರ ದಶಕದಲ್ಲಿ ಅರ್ಜೆಂಟೀನಾದ ಏಂಜೆಲ್ ರೋಫೊ ಹೊಗೆಸೊಪ್ಪಿನ ಟಾರನ್ನು ಮೊಲಗಳ ಚರ್ಮಕ್ಕೆ ಸವರಿ ಗಂತಿಗಳನ್ನು ಕಂಡಿದ್ದ. ಜಗತ್ತು ಅದರತ್ತ ಹೆಚ್ಚು ಗಮನ ಕೊಡಲಿಲ್ಲ. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್, ಅಮೆರಿಕದ ವೈಂಡರ್ ಮತ್ತು ಗ್ರಹಾಂ ಆಸ್ಪತ್ರೆಯ ರೋಗಿಗಳ ಅಭ್ಯಾಸಗಳನ್ನು ಹೋಲಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ತೋರಿಸಿದರು. ಸಂಖ್ಯೆಗಳಷ್ಟೇ ಸಾಲದು ಎಂದವರಿಗೆ ಉತ್ತರ ಬಂದದ್ದು 1953ರಲ್ಲಿ. ವೈಂಡರ್ ತಂಡ ಸಿಗರೇಟ್ ಹೊಗೆಯಿಂದ ಪಡೆದ ಟಾರನ್ನು ಇಲಿಗಳ ಬೆನ್ನಿಗೆ ಸವರಿತು. ಶೇಕಡಾ 44ರಷ್ಟು ಇಲಿಗಳಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿತು. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಗಿ, ಸಿಗರೇಟ್ ಕಂಪನಿಗಳು ಗಾಬರಿಗೊಂಡವು. 1964ರ ಅಮೆರಿಕದ ಸರ್ಜನ್ ಜನರಲ್ ವರದಿಗೆ ಈ ಎರಡೂ ಬಗೆಯ ಸಾಕ್ಷ್ಯಗಳು ಆಧಾರವಾದವು.

ಮೆಲನೋಮಕ್ಕೂ ಹೊಗೆಸೊಪ್ಪಿಗೂ ಇನ್ನೊಂದು ಕಡೆ ಭೇಟಿಯಾಗುತ್ತದೆ. ಕ್ಯಾನ್ಸರ್ ಕೋಶಗಳ ಇಡೀ ಡಿ.ಎನ್.ಎ.ಯನ್ನು ಓದಿದ ಎರಡು ಸಂಶೋಧನೆಗಳನ್ನು ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ತಂಡ 2009ರ ಡಿಸೆಂಬರಿನಲ್ಲಿ ಒಟ್ಟಿಗೇ ಪ್ರಕಟಿಸಿತು. ಒಂದು ಮೆಲನೋಮದ್ದು, ಇನ್ನೊಂದು ಧೂಮಪಾನಿಯ ಶ್ವಾಸಕೋಶದ ಕ್ಯಾನ್ಸರಿನದ್ದು. ಮೊದಲನೆಯದರಲ್ಲಿ 33 ಸಾವಿರಕ್ಕೂ ಹೆಚ್ಚು, ಎರಡನೆಯದರಲ್ಲಿ ಸುಮಾರು 23 ಸಾವಿರ ಅಕ್ಷರ ಬದಲಾವಣೆಗಳಿದ್ದವು. ಮೆಲನೋಮದಲ್ಲಿ ಹೆಚ್ಚಿನವು ಸೈಟೊಸಿನ್ ಇದ್ದಲ್ಲಿ ಥೈಮಿನ್ ಬಂದಂಥವು, ಅಂದರೆ ಅತಿನೇರಳೆ ಕಿರಣದ ಗುರುತು. ಶ್ವಾಸಕೋಶದ್ದರಲ್ಲಿ ಗ್ವಾನಿನ್ ಇದ್ದಲ್ಲಿ ಥೈಮಿನ್ ಬಂದದ್ದು ಎದ್ದು ಕಾಣುತ್ತಿತ್ತು, ಇದು ಹೊಗೆಯ ಗುರುತು. ಕಳ್ಳ ಬಿಟ್ಟುಹೋದ ಬೆರಳಚ್ಚಿನಂತೆ ಕಾರಣವಾದ ವಸ್ತು ತನ್ನ ಗುರುತನ್ನು ಕೋಶದಲ್ಲೇ ಬಿಟ್ಟಿರುತ್ತದೆ. ಅಂಗಾಲಿನ ಮೆಲನೋಮಗಳಲ್ಲಿ ಬಿಸಿಲಿನ ಈ ಗುರುತು ಸಾಮಾನ್ಯವಾಗಿ ಇರುವುದಿಲ್ಲ ಎಂಬುದೂ ಆಮೇಲಿನ ಅಧ್ಯಯನಗಳಿಂದ ತಿಳಿಯಿತು.

ನಮ್ಮ ಬಾಯಿಯ ಕಥೆ

ಭಾರತದಲ್ಲಿ ಪ್ರಶ್ನೆ ಶ್ವಾಸಕೋಶಕ್ಕಿಂತ ಮೊದಲು ಬಾಯಿಯದ್ದಾಗಿತ್ತು. ಮದರಾಸಿನ ಶಸ್ತ್ರವೈದ್ಯ ನಿಬ್ಲಾಕ್ 1902ರಲ್ಲೇ ಕೆನ್ನೆಯ ಒಳಭಾಗದ ಕ್ಯಾನ್ಸರಿಗೂ ಎಲೆಯಡಿಕೆ ಜಗಿಯುವ ಅಭ್ಯಾಸಕ್ಕೂ ಇರುವ ಸಂಬಂಧದ ಬಗ್ಗೆ ಬರೆದಿದ್ದ. 1933ರಲ್ಲಿ ತಿರುವಾಂಕೂರು ಸೀಮೆಯ ಓರ್, 1955ರಲ್ಲಿ ಮುಂಬಯಿಯ ಸಾಂಘ್ವಿ, ರಾವ್ ಮತ್ತು ಖಾನೋಲ್ಕರ್ ಇದನ್ನು ಹೊಗೆಸೊಪ್ಪಿನೊಂದಿಗೆ ಜೋಡಿಸಿ ಅಧ್ಯಯನ ಮಾಡಿದರು. ಗುಟುಕು ಇಟ್ಟುಕೊಳ್ಳುವ ಕಡೆಯೇ ಗಂತಿ ಬರುತ್ತದೆ ಎಂಬುದು ಯಾವ ಯಂತ್ರವೂ ಇಲ್ಲದೆ ಕಣ್ಣಿಗೆ ಕಾಣುವ ಸಾಕ್ಷ್ಯವಾಗಿತ್ತು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ನೆಲೆಯಾದದ್ದು 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೆಂಗಳೂರು, ಮುಂಬಯಿ ಮತ್ತು ಮದರಾಸುಗಳಲ್ಲಿ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿಯನ್ನು ಕೈಗೊಂಡಾಗ, 1982ರಿಂದ ಬೆಂಗಳೂರಿನ ನೋಂದಣಿ ಕಿದ್ವಾಯಿಯಲ್ಲಿ ನಡೆಯಿತು. ಈ ದಾಖಲೆಗಳನ್ನು ಬಳಸಿಕೊಂಡು ಡಾ. ನಂದಕುಮಾರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ವಿಜ್ಞಾನದ ವಿದ್ಯಾರ್ಥಿಗಳು ಓದಬೇಕು. ಬಾಯಿ ಕ್ಯಾನ್ಸರಿನ 348 ರೋಗಿಗಳನ್ನು ಅದೇ ಬಡಾವಣೆಯ, ಅದೇ ವಯಸ್ಸಿನ, ಅದೇ ಲಿಂಗದ ಆರೋಗ್ಯವಂತರೊಂದಿಗೆ ಹೋಲಿಸಲಾಗಿತ್ತು. ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಹಾಕುವ ಮಹಿಳೆಯರಲ್ಲಿ ಅಪಾಯ ಸುಮಾರು 25 ಪಟ್ಟು ಹೆಚ್ಚಿತ್ತು. ರಾತ್ರಿ ಗುಟುಕನ್ನು ದವಡೆಯಲ್ಲಿ ಇಟ್ಟುಕೊಂಡೇ ಮಲಗುವವರಲ್ಲಿ ಸುಮಾರು 18 ಪಟ್ಟು. ವರ್ಷಗಳು ಹೆಚ್ಚಾದಂತೆ, ದಿನಕ್ಕೆ ಹಾಕುವ ಸಲ ಹೆಚ್ಚಾದಂತೆ ಅಪಾಯವೂ ಏರುತ್ತಿತ್ತು. ಪಟ್ಟಣದ ಬೀಡಿ ಸಿಗರೇಟನ್ನು ಬೈಯುವಾಗ, ಮನೆಯ ಜಗಲಿಯಲ್ಲಿ ಕುಳಿತ ಅಜ್ಜಿಯ ಎಲೆಯಡಿಕೆ ಚೀಲವನ್ನು ನಾವು ಮರೆತಿದ್ದೆವು.

ಅದೇ ಅಧ್ಯಯನದಲ್ಲಿ ಒಂದು ಕುತೂಹಲದ ಸಂಗತಿಯಿದೆ. ರಾಗಿಯನ್ನು ಮುಖ್ಯ ಆಹಾರವಾಗಿ ಉಣ್ಣುವವರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ ಗಮನಾರ್ಹವಾಗಿ ಕಡಿಮೆಯಿತ್ತು. ಮುದ್ದೆ ಉಂಡರೆ ಹೊಗೆಸೊಪ್ಪು ಹಾಕಬಹುದು ಎಂದು ಇದರ ಅರ್ಥವಲ್ಲ! ಇದು ಒಂದು ಹೋಲಿಕೆಯ ಅಧ್ಯಯನದಲ್ಲಿ ಕಂಡ ಸಂಬಂಧ ಮಾತ್ರ. ರಾಗಿ ಉಣ್ಣುವವರ ಬದುಕಿನ ಬೇರೆ ಯಾವುದೋ ಅಂಶವೂ ಕಾರಣವಿರಬಹುದು. ಸಂಬಂಧ ಬೇರೆ, ಕಾರಣ ಬೇರೆ ಎಂಬುದನ್ನು ತರಗತಿಯಲ್ಲಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಹಳೆ ಮೈಸೂರು ಸೀಮೆಯಲ್ಲಿ ಸಿಗಲಾರದು.

ಬ್ಯಾರನ್ ಬಂದ ಕಾಲ

ಇನ್ನು ಹುಣಸೂರಿಗೆ ಬರೋಣ. ಇಲ್ಲಿ ಬೆಳೆಯುವುದು ಜಗಿಯುವ ಹೊಗೆಸೊಪ್ಪಲ್ಲ. ವರ್ಜೀನಿಯಾ ಎಂದು ಕರೆಯುವ, ಸಿಗರೇಟಿಗೆ ಬಳಸುವ ಜಾತಿ. ಅದನ್ನು ಬಿಸಿಲಿಗೆ ಒಣಗಿಸುವುದಿಲ್ಲ, ಬ್ಯಾರನ್ನಿನಲ್ಲಿ ಹದಗೊಳಿಸುತ್ತಾರೆ. ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಎತ್ತರದ ಕೋಣೆಯಲ್ಲಿ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ಬಿಸಿ ಹೊಗೆಯನ್ನು ನೆಲದ ಮೇಲಿನ ತಗಡಿನ ಕೊಳವೆಗಳಲ್ಲಿ ಹಾಯಿಸಿ ಹೊರಗೆ ಬಿಡುತ್ತಾರೆ. ಹೊಗೆ ಎಲೆಗೆ ತಗಲುವುದಿಲ್ಲ, ಶಾಖವಷ್ಟೇ ತಗಲುತ್ತದೆ. ಮೊದಲು 35ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಲೆ ಹಳದಿಯಾಗುತ್ತದೆ. ಆಗ ಎಲೆಯಲ್ಲಿನ ಪಿಷ್ಟ ಸಕ್ಕರೆಯಾಗುತ್ತದೆ. ಅನಂತರ ಶಾಖವನ್ನು ಏರಿಸುತ್ತಾ 70 ಡಿಗ್ರಿಯವರೆಗೆ ಒಯ್ದು ಎಲೆಯ ದಂಟನ್ನೂ ಒಣಗಿಸುತ್ತಾರೆ. ಐದಾರು ದಿನ, ರಾತ್ರಿಯೂ ಕಾವಲು. ಉರಿ ಸ್ವಲ್ಪ ಹೆಚ್ಚಾದರೂ ಬಣ್ಣ ಕೆಟ್ಟು ಬೆಲೆ ಬೀಳುತ್ತದೆ. ಒಂದು ಕಿಲೋಗ್ರಾಂ ಹದವಾದ ಸೊಪ್ಪಿಗೆ ಸುಮಾರು ನಾಲ್ಕೈದು ಕಿಲೋಗ್ರಾಂ ಸೌದೆ ಬೇಕು. ಇದಕ್ಕೆ ಕಾಡು ಎಷ್ಟು ತೆತ್ತಿದೆ ಎಂಬುದು ಬೇರೆಯದೇ ಲೇಖನವಾದೀತು.

1839ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಸ್ಲೇಡ್ ಎಂಬುವರ ತೋಟದಲ್ಲಿ ಸ್ಟೀಫನ್ ಎಂಬ ಗುಲಾಮನು, ಆರುತ್ತಿದ್ದ ಬೆಂಕಿಗೆ ಇದ್ದಿಲು ಹಾಕಿದ್ದರಿಂದ ಎಲೆಗಳು ಹೊಳೆಯುವ ಹಳದಿಗೆ ತಿರುಗಿದವೆಂದೂ ಅದೇ ಈ ವಿಧಾನದ ಮೂಲವೆಂದೂ ಹೇಳುತ್ತಾರೆ. ಆಮೇಲೆ ಕೊಳವೆಯ ಶಾಖ ಬಂತು. ಇದರಿಂದಾದ ರಾಸಾಯನಿಕ ಬದಲಾವಣೆ ಬಹಳ ದೊಡ್ಡದು. ಬಿಸಿಲಿಗೆ ಅಥವಾ ಗಾಳಿಗೆ ಒಣಗಿಸಿದ ಸೊಪ್ಪಿನ ಹೊಗೆ ಕ್ಷಾರೀಯ. ಅದನ್ನು ಒಳಗೆಳೆದರೆ ಕೆಮ್ಮು ಬರುತ್ತದೆ, ನಿಕೊಟಿನ್ ಬಾಯಿಯಲ್ಲೇ ಹೀರಲ್ಪಡುತ್ತದೆ. ಸಕ್ಕರೆ ಹೆಚ್ಚಿರುವ ವರ್ಜೀನಿಯಾದ ಹೊಗೆ ತುಸು ಆಮ್ಲೀಯ, ಮೃದು. ಅದನ್ನು ಶ್ವಾಸಕೋಶದ ಆಳದವರೆಗೆ ಎಳೆಯಬಹುದು, ನಿಕೊಟಿನ್ ಸಿಗಬೇಕಾದರೆ ಎಳೆಯಲೇಬೇಕು. ಇಪ್ಪತ್ತನೆಯ ಶತಮಾನದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಷ್ಟೊಂದು ಹೆಚ್ಚಲು ಈ ಮೃದುತ್ವವೇ ಒಂದು ಮುಖ್ಯ ಕಾರಣ.

ಮೈಸೂರು ಸಂಸ್ಥಾನದಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ ಕೈಗಾರಿಕೆಗಳಿಗೆ ಕೊಟ್ಟ ಪ್ರೋತ್ಸಾಹದಲ್ಲಿ ಹೊಗೆಸೊಪ್ಪೂ ಸೇರಿತ್ತು. ಮೈಸೂರು ಟೊಬ್ಯಾಕೋ ಕಂಪನಿ ಹುಟ್ಟಿದ್ದು ಆಗಲೇ. ಬೆಂಗಳೂರಿನಲ್ಲಿ ಸಿಗರೇಟ್ ಕಾರ್ಖಾನೆ ಅದಕ್ಕೂ ಮೊದಲು, 1910ರ ದಶಕದಲ್ಲೇ ಬಂದಿತ್ತು. 1947ರಲ್ಲಿ ರಾಜಮಹೇಂದ್ರಿಯಲ್ಲಿ ಸ್ಥಾಪನೆಯಾದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಮುಂದೆ ಹುಣಸೂರಿನಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಈ ಭಾಗದ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ, ಮುಂಗಾರು ಮಳೆಯಲ್ಲೇ ಬೆಳೆಯುವ ಸೊಪ್ಪಿಗೆ ಒಳ್ಳೆಯ ಹೆಸರು ಬಂತು. ಕಾಂಚನ್ ತಳಿ ಮನೆಮಾತಾಯಿತು. ಒಂದು ಗ್ರಾಂಗೆ ಸುಮಾರು ಹತ್ತು ಸಾವಿರ ಬೀಜ ತೂಗುವ ಈ ಗಿಡ ನಾಲ್ಕು ತಾಲ್ಲೂಕುಗಳ ಲೆಕ್ಕಾಚಾರವನ್ನೇ ಬದಲಿಸಿತು.

ಎರಡು ಚರಿತ್ರೆಗಳು ಒಂದನ್ನೊಂದು ನೋಡದೆ ಪಕ್ಕಪಕ್ಕದಲ್ಲೇ ನಡೆದವು. ಇದಕ್ಕೆ 1975ನೇ ವರ್ಷಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆ ವರ್ಷ ಸಂಸತ್ತು ತಂಬಾಕು ಮಂಡಳಿ ಕಾಯಿದೆಯನ್ನು ಮಾಡಿತು. ಬೆಳೆಯನ್ನು ಬೆಳೆಸಲು, ರಫ್ತಿಗೆ ನೆರವಾಗಲು, ರೈತರಿಗೆ ಬೆಲೆ ಕೊಡಿಸಲು. ಅದೇ ವರ್ಷ ಅದೇ ಸಂಸತ್ತು ಸಿಗರೇಟ್ ಕಾಯಿದೆಯನ್ನೂ ಮಾಡಿತು. ಪೊಟ್ಟಣದ ಮೇಲೆ ಸೇದುವುದು ಆರೋಗ್ಯಕ್ಕೆ ಹಾನಿಕರವೆಂದು ಮುದ್ರಿಸಲು. 1976ರ ಜನವರಿಯಲ್ಲಿ ಮಂಡಳಿ ಗುಂಟೂರಿನಲ್ಲಿ ಕೆಲಸ ಶುರುಮಾಡಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂತು, ಆಂಧ್ರಕ್ಕಿಂತ ಒಂದು ವರ್ಷ ಮೊದಲು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಪಕ್ಕದ ಹಾಸನ ಜಿಲ್ಲೆಯ ರಾಮನಾಥಪುರ ಇವು ಹರಾಜು ಮಾರುಕಟ್ಟೆಗಳ ಊರುಗಳಾದವು.

ಎಲೆಯಲ್ಲಿನ ವಿಷ, ಕೈಯಲ್ಲಿನ ವಿಷ

ಸುಡದೆ ಜಗಿದರೆ ಬೆಂಜೊಪೈರೀನ್ ಭಯ ಕಡಿಮೆಯಲ್ಲವೇ ಎಂದು ಕೇಳಬಹುದು. 1974ರಲ್ಲಿ ಅಮೆರಿಕದ ಹಾಫ್‌ಮನ್, ಹೆಕ್ಟ್ ಮೊದಲಾದವರು ಸುಡದ ಹೊಗೆಸೊಪ್ಪಿನಲ್ಲೇ ನೈಟ್ರೊಸೊನಾರ್‌ನಿಕೊಟಿನ್ ಎಂಬ ಕ್ಯಾನ್ಸರ್‌ಕಾರಕವನ್ನು ಕಂಡರು. ಎಲೆ ಒಣಗಿ ಹದವಾಗುವಾಗ ನಿಕೊಟಿನ್ ಬಳಗದ ಆಲ್ಕಲಾಯ್ಡುಗಳು ನೈಟ್ರೈಟಿನೊಂದಿಗೆ ಅಥವಾ ನೈಟ್ರೊಜನ್ ಆಕ್ಸೈಡುಗಳೊಂದಿಗೆ ಸೇರಿ ಇಂಥ ನೈಟ್ರೊಸಮೀನ್‌ಗಳು ಹುಟ್ಟುತ್ತವೆ. ಉರಿಯ ಹೊಗೆಯನ್ನು ನೇರವಾಗಿ ಕೋಣೆಗೆ ಬಿಡುವ ಬ್ಯಾರನ್ನುಗಳಲ್ಲಿ ಇವು ಹೆಚ್ಚು, ಹೊಗೆಯನ್ನು ಕೊಳವೆಯಲ್ಲೇ ಹೊರಹಾಕುವಲ್ಲಿ ಕಡಿಮೆ. ಕಡ್ಡಿಪುಡಿ, ಗುಟ್ಕಾದಂಥವುಗಳಲ್ಲಿ ಇವು ನೇರವಾಗಿ ಬಾಯಿಯ ಅಂಗಾಂಶಕ್ಕೆ ಸಿಗುತ್ತವೆ. ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ನಿರಪಾಯಕಾರಿಯಲ್ಲ.

ಕಪ್ಪು ಅಂಟಿನ ಕೈಗಳ ವಿಷಯ ಬೇರೆ. ನಿಕೊಟಿನ್ ನೀರಿನಲ್ಲೂ ಕೊಬ್ಬಿನಲ್ಲೂ ಕರಗುವ ವಸ್ತು. ಒದ್ದೆ ಎಲೆಯಿಂದ ನೀರಿಗೆ ಇಳಿದು ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಅದರಿಂದ ತಲೆನೋವು, ತಲೆಸುತ್ತು, ವಾಂತಿ, ನಿಶ್ಶಕ್ತಿ. 1970ರಲ್ಲಿ ಅಮೆರಿಕದ ಫ್ಲಾರಿಡಾದ ಎಲೆ ಕೊಯ್ಯುವವರಲ್ಲಿ ಇದನ್ನು ವಿವರಿಸಲಾಯಿತು. ಹಸಿರು ತಂಬಾಕು ಕಾಯಿಲೆ ಎಂಬ ಹೆಸರು ಬಂತು. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುಜರಾತಿನ ಕೂಲಿಗಳಲ್ಲಿ ಇದನ್ನು ಅಧ್ಯಯನ ಮಾಡಿತು. ಮೆಲನಿನ್ ಬಿಸಿಲನ್ನು ತಡೆದೀತು, ನಿಕೊಟಿನನ್ನು ತಡೆಯಲಾರದು. ಎಲೆ ಆರಿದ ಮೇಲೆ ಮುರಿಯುವುದು, ಕೈಗವಸು ಮತ್ತು ನೀರು ಇಳಿಯದ ಮೇಲಂಗಿ, ಒದ್ದೆ ಬಟ್ಟೆ ಬದಲಿಸಿ ಸಾಬೂನಿನಿಂದ ತೊಳೆದುಕೊಳ್ಳುವುದು, ಮಕ್ಕಳನ್ನೂ ಗರ್ಭಿಣಿಯರನ್ನೂ ಈ ಕೆಲಸದಿಂದ ದೂರವಿಡುವುದು ಇದಕ್ಕೆ ಇರುವ ಸರಳ ಉಪಾಯಗಳು. ಕೊಯ್ಲಿನ ಕಾಲದಲ್ಲಿ ಶಾಲೆಗೆ ಬಾರದ ಮಕ್ಕಳ ಹಾಜರಿ ಪುಸ್ತಕವನ್ನು ಅಧ್ಯಾಪಕರು ಈ ದೃಷ್ಟಿಯಿಂದಲೂ ನೋಡಬೇಕು.

ಬೇಗ ಕಂಡರೆ

ಮೆಲನೋಮದಲ್ಲಿ ರೋಗಿಯ ಭವಿಷ್ಯವನ್ನು ಗಂತಿಯ ದಪ್ಪ ನಿರ್ಧರಿಸುತ್ತದೆಂದು 1970ರಲ್ಲಿ ಬ್ರೆಸ್ಲೊ ತೋರಿಸಿದ. ತೆಳುವಾಗಿರುವಾಗಲೇ ಕತ್ತರಿಸಿ ತೆಗೆದರೆ ಬಹುತೇಕ ವಾಸಿ. ಹರಡಿದ ಮೇಲೆ ಹೆಚ್ಚೇನೂ ಮಾಡಲಾಗದ ಸ್ಥಿತಿ 2011ರವರೆಗೂ ಇತ್ತು. ಆ ವರ್ಷ ದೇಹದ ರೋಗರಕ್ಷಕ ವ್ಯವಸ್ಥೆಯ ತಡೆಯನ್ನು ಬಿಡಿಸುವ ಇಪಿಲಿಮುಮ್ಯಾಬ್, ಕೆಟ್ಟ ಜೀನ್ ಒಂದನ್ನೇ ಗುರಿಮಾಡುವ ವೆಮುರಾಫೆನಿಬ್ ಬಂದವು. ಬಾಯಿ ಕ್ಯಾನ್ಸರಿಗೆ ಇಂದಿಗೂ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆಯೇ ಮುಖ್ಯ. ಆದರೆ ಅದು ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟು ಬರುತ್ತದೆ: ಒರೆಸಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಬಾಯಿ ತೆರೆಯಲಾಗದಂತೆ ಬಿಗಿತ, ಎರಡು ಮೂರು ವಾರವಾದರೂ ಮಾಯದ ಹುಣ್ಣು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಬೇಕಾದದ್ದು ಒಂದು ಟಾರ್ಚ್ ಮತ್ತು ತರಬೇತಾದ ಕಣ್ಣು.

ಬೆಳೆಗಾರನ ಲೆಕ್ಕ

2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ ಅಂಗೀಕಾರವಾಯಿತು. ಭಾರತ 2004ರಲ್ಲಿ ಅನುಮೋದಿಸಿತು. ಆ ಒಪ್ಪಂದದ 17ನೇ ವಿಧಿ ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆಂದು ಹೇಳುತ್ತದೆ. ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಪೊಟ್ಟಣದ ಶೇಕಡಾ 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ 2016ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ಆ ನಿಯಮವನ್ನು ರದ್ದುಮಾಡಿದಾಗ, ಸುಪ್ರೀಂ ಕೋರ್ಟ್ ಮರು ತಿಂಗಳೇ ಆ ತೀರ್ಪಿಗೆ ತಡೆ ನೀಡಿತು.

17ನೇ ವಿಧಿಯ ಕೆಲಸ ಮಾತ್ರ ನಿಧಾನ. 2015–16ರಿಂದ ಕೇಂದ್ರದ ಬೆಳೆ ವೈವಿಧ್ಯ ಕಾರ್ಯಕ್ರಮವನ್ನು ಹೊಗೆಸೊಪ್ಪು ಬೆಳೆಯುವ ರಾಜ್ಯಗಳಿಗೂ ವಿಸ್ತರಿಸಲಾಯಿತು. ಮುಸುಕಿನ ಜೋಳ, ದ್ವಿದಳ ಧಾನ್ಯ, ಹತ್ತಿ, ಶುಂಠಿ ಎಂದು ಸಲಹೆಗಳು ಬಂದವು. ರೈತ ಕೇಳುವ ಪ್ರಶ್ನೆ ಒಂದೇ. ಮಳೆಯನ್ನೇ ನಂಬಿದ ಎರಡೆಕರೆಯಲ್ಲಿ ಬೇರಾವ ಬೆಳೆಗೆ ನೋಂದಣಿ, ಬ್ಯಾಂಕ್ ಸಾಲ, ಊರ ಹತ್ತಿರವೇ ಹರಾಜು ಇದೆ? ಟೊಮೆಟೊ ಬೆಲೆ ಒಂದು ವಾರದಲ್ಲಿ ನೆಲಕಚ್ಚುವುದನ್ನು ಅವನು ಕಂಡಿದ್ದಾನೆ. 2015ರಲ್ಲಿ ಹೊಗೆಸೊಪ್ಪಿನ ಬೆಲೆಯೂ ಕುಸಿದು ಈ ಸೀಮೆ ತತ್ತರಿಸಿತು ನಿಜ. ಆದರೂ ಮರುವರ್ಷ ಬ್ಯಾರನ್ನುಗಳು ಹೊಗೆಯಾಡಿದವು. ಕಟ್ಟಿದ ಬ್ಯಾರನ್ನಿನಲ್ಲಿ ಬೇರೇನನ್ನೂ ಹದಗೊಳಿಸಲಾಗದು, ಅದಕ್ಕೆ ಹಾಕಿದ ಹಣ ಅಲ್ಲೇ ನಿಂತಿರುತ್ತದೆ. ನೋಂದಣಿ ಇಲ್ಲದವರ ಸೊಪ್ಪನ್ನೂ ದಂಡ ಕಟ್ಟಿಸಿಕೊಂಡು ಹರಾಜಿಗೆ ಬಿಟ್ಟ ವರ್ಷಗಳಿವೆ. ಮಿತಿ ಹಾಕುವವರೇ ಮಿತಿ ಸಡಿಲಿಸಿದರೆ ಬೆಳೆ ಇಳಿಯುವುದು ಹೇಗೆ?

ಇಲ್ಲಿನ ಸೊಪ್ಪಿನಲ್ಲಿ ಬಹುಪಾಲು ರಫ್ತಾಗಿ ದೂರದ ದೇಶಗಳ ಸಿಗರೇಟಿಗೆ ಸೇರುತ್ತದೆ. ಅದು ತರುವ ಕ್ಯಾನ್ಸರ್ ನಮ್ಮ ನೋಂದಣಿ ಪುಸ್ತಕಗಳಲ್ಲಿ ದಾಖಲಾಗುವುದಿಲ್ಲ. ಹುಣಸೂರಿನವರ ದವಡೆಗೆ ಸೇರುವ ಕಡ್ಡಿಪುಡಿ ಇನ್ನೆಲ್ಲೋ ಬೆಳೆದದ್ದು. ಕೊನೆಯ ಎಲೆ ಮುರಿದ ಹೊಲಕ್ಕೆ, ಮಳೆ ಉಳಿದಿದ್ದರೆ, ಇಲ್ಲಿನ ರೈತರು ಎರಡನೆಯ ಬೆಳೆಯಾಗಿ ಬಿತ್ತುವುದು ಹೆಚ್ಚಾಗಿ ರಾಗಿಯನ್ನೇ.